ಬಿಳಿ ತಟ್ಟೆ ಮರೆಯಾಗುವ ಆಳ

"ಚಪ್ಪಲಿ ಅಲ್ಲೇ ಬಿಡಿ. ಹೊಸ ಬ್ಯಾಚಿನವರು ಆ ಕಡೆ ನಿಂತ್ಕೊಳ್ಳಿ. ನೀರು ಕಂಡ್ರೆ ಭಯ ಇದ್ಯಾ?"

ಅವನು ನನ್ನ ಜೊತೆ ಆಡಿದ ಮೊದಲ ಮಾತು ಇದು. ಆಗಷ್ಟೇ ಕೆರೆಯಿಂದ ಎದ್ದು ಬಂದಿದ್ದ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕೊರಳಲ್ಲಿ ನೀರು ಸರಬರಾಜು ಆಫೀಸಿನ ಐಡಿ ಕಾರ್ಡು, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಬಾಗಿಲಿನಷ್ಟು ದೊಡ್ಡ ಕೆಂಪು ಬೋರ್ಡು. ಇಷ್ಟೆಲ್ಲ ಹೊತ್ತುಕೊಂಡು ಈಜು ಕಲಿಯಲು ಯಾರಾದರೂ ಬರುತ್ತಾರಾ? ಕಣ್ಣಿದ್ದೂ ಕುರುಡ ಎಂದುಕೊಂಡೆ. ಆದರೂ ಒಂದು ಗಳಿಗೆ ಅವನನ್ನೇ ನೋಡುತ್ತ ನಿಂತೆ. ಸಿಟ್ಟಿನಿಂದ ಎಂದು ಇಟ್ಟುಕೊಳ್ಳಿ.

"ನಾನು ಕಲಿಯೋಕೆ ಬಂದಿಲ್ಲ. ಕೆರೆ ಮುಚ್ಚೋಕೆ ಬಂದಿದ್ದೀನಿ."

ಅವನು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ಬೋರ್ಡು ಓದಿದ. 'ನೀರಿನಲ್ಲಿ ವಿಷಪಾಚಿ ಇದೆ. ಇಳಿಯಬೇಡಿ. ಸಾಕುಪ್ರಾಣಿಗಳಿಗೆ ಕುಡಿಸಬೇಡಿ.' ಓದುತ್ತಿದ್ದಂತೆ ಅವನ ಮುಖದ ನಗು ಆರಿಹೋಯಿತು.

"ಲೇಟಾಯ್ತು ಮೇಡಂ. ಪಾಚಿ ಬಂದಿದ್ದು ಹೋದ ವಾರ. ದಡದ ತುಂಬ ಹಸಿರು ಕೆನೆ ಕಟ್ಟಿತ್ತು. ನಮ್ಮ ಗುಂಡ ಒಂದೆರಡು ಗುಟುಕು ನೀರು ಕುಡಿದಿದ್ದಷ್ಟೇ, ಸಂಜೆಯೊಳಗೆ ಹೋಗ್ಬಿಟ್ಟ. ಈಗ ಗಾಳಿ ತಿರುಗಿದೆ, ನೀರು ತಿಳಿಯಾಗಿದೆ. ಈಗ ಬಂತು ನೋಡಿ ನಿಮ್ಮ ಬೋರ್ಡು."

ಗುಂಡ ಅವರ ಮನೆಯ ನಾಯಿ. ಗೇಟಿನ ಪಕ್ಕದಲ್ಲಿ ಅದರ ಖಾಲಿ ಬಟ್ಟಲು ಇನ್ನೂ ಇತ್ತು. ನಮ್ಮ ಕೆಲಸವೇ ಹೀಗೆ. ಬಾಟಲಿಯಲ್ಲಿ ತುಂಬಿದ ನೀರು ವ್ಯಾನು ಹತ್ತಿ ದೂರದ ಲ್ಯಾಬಿಗೆ ಹೋಗಬೇಕು, ಅಲ್ಲಿ ಸಾಲಿನಲ್ಲಿ ಕಾಯಬೇಕು, ವರದಿ ಬರಬೇಕು, ಆಮೇಲೆ ನನ್ನ ಸುತ್ತಿಗೆ. ಅಷ್ಟರಲ್ಲಿ ಪಾಚಿ ಬಂದು, ಕೆಡುಕು ಮಾಡಿ, ಹೊರಟೂ ಹೋಗಿರುತ್ತದೆ. ಆವತ್ತು ಮೊಳೆ ಹೊಡೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವನು ಬೋರ್ಡಿನ ಇನ್ನೊಂದು ತುದಿಯನ್ನು ಎತ್ತಿ ಹಿಡಿದುಕೊಂಡ. ಬೈದು ಮುಗಿಸಿದ ಮೇಲೆ ಸಹಾಯ ಮಾಡುವ ಜಾತಿಯವನು. ಹಾಗೆ ಹಿಡಿದಿದ್ದಕ್ಕೇ ಇರಬೇಕು, ಆ ವರ್ಷವಿಡೀ ಅವನ ಮಾತು ನನ್ನನ್ನು ಕೊರೆಯುತ್ತಲೇ ಇತ್ತು.

ಮುಂದಿನ ಬೇಸಿಗೆಗೆ ಮುಂಚೆ ನಾನು ನಮ್ಮ ಆಫೀಸಿನ ದೊಡ್ಡ ಮೇಡಂ ಮುಂದೆ ನಿಂತು ಒಂದು ಮಾತು ಕೇಳಿದೆ. ಲ್ಯಾಬಿಗೆ ಕಾಯದೆ ಕೆರೆಯನ್ನೇ ದಿನಾ ನೋಡಿದರೆ ಹೇಗೆ? ಬೆಳಗಾಗುತ್ತಲೇ, ಗಾಳಿ ಏಳುವ ಮುಂಚೆ, ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯೊಂದನ್ನು ನೀರಿಗೆ ಇಳಿಬಿಡುವುದು. ಹಗ್ಗದಲ್ಲಿ ಗೇಣಿಗೊಂದು ಗಂಟು. ಎಷ್ಟನೇ ಗಂಟಿಗೆ ತಟ್ಟೆ ಕಣ್ಣಿಗೆ ಮರೆಯಾಗುತ್ತದೋ ಅದೇ ಆ ದಿನದ ಲೆಕ್ಕ. ಪಾಚಿ ಹೆಚ್ಚುತ್ತಿದ್ದರೆ ತಟ್ಟೆ ದಿನದಿಂದ ದಿನಕ್ಕೆ ಬೇಗ ಮರೆಯಾಗುತ್ತದೆ. ನೀರಿನ ಬಿಸಿಯನ್ನೂ ಗಾಳಿಯನ್ನೂ ಅದರ ಜೊತೆ ಇಟ್ಟು ನೋಡಿದರೆ, ದಡಕ್ಕೆ ಹಸಿರು ಬರುವ ಮುಂಚೆಯೇ ಬೋರ್ಡು ಹಾಕಬಹುದು.

"ಒಂದು ಬೇಸಿಗೆ ಕೊಡ್ತೀನಿ," ಎಂದರು ದೊಡ್ಡ ಮೇಡಂ. "ನಡೆದ್ರೆ ಎಲ್ಲಾ ಕೆರೆಗೂ ಮಾಡೋಣ. ಇಲ್ಲಾಂದ್ರೆ ಮತ್ತೆ ಈ ಮಾತು ಎತ್ತಬೇಡಿ."

ಇದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಉಂಟು. ಒಬ್ಬೊಬ್ಬರ ಕಣ್ಣು ಒಂದೊಂದು ಥರ, ಹಾಗಾಗಿ ಇಡೀ ಬೇಸಿಗೆ ಒಬ್ಬರೇ ನೋಡಬೇಕು. ದಿನಾ ಬೆಳಗಿನ ಜಾವ ಕೆರೆಯ ಬಳಿ ಇರುವವನು ಊರಲ್ಲಿ ಒಬ್ಬನೇ. ಈಜು ಮೇಷ್ಟ್ರು.

"ಬೇರೆಯವರು ಕೇಳಿದ್ರೆ ಆಗಲ್ಲ ಅಂತಿದ್ದೆ," ಎಂದ ಅವನು, ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ. "ಗುಂಡನಿಗೋಸ್ಕರ ಮಾಡ್ತೀನಿ."

"ನೀವು ನೋಡಿದ್ದೇ ಲೆಕ್ಕ. ನಿಮ್ಮ ಕಣ್ಣಿನ ಮೇಲೆ ಇಡೀ ಊರು ನಿಂತಿದೆ, ಗೊತ್ತಾಯ್ತಾ?"

ಗೇಟಿನಲ್ಲಿ ಟಿಕೆಟ್ ಹರಿಯುತ್ತ ಕೂತಿದ್ದ ಅವನ ಅಕ್ಕ ಯಾಕೋ ಕಿಸಕ್ಕೆಂದು ನಕ್ಕರು. ಅವನು ಅವರ ಕಡೆ ಕಣ್ಣು ಬಿಟ್ಟ. ಅಕ್ಕ ತಮ್ಮನ ತಮಾಷೆ ಎಂದುಕೊಂಡೆ.

ಮೊದಮೊದಲು ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ, ಲ್ಯಾಬಿಗೆ ಬಾಟಲಿ ತುಂಬಲು. ಉಳಿದ ದಿನ ಅವನು ಫೋನಿಗೆ ಸಂದೇಶ ಕಳಿಸುತ್ತಿದ್ದ. 'ಹನ್ನೊಂದು ಗಂಟು. ನೀರು ತಣ್ಣಗಿದೆ. ಒಂದು ಬಾತುಕೋಳಿ ನಿಮ್ಮನ್ನು ಕೇಳ್ತು.' ಸರ್ಕಾರಿ ಲೆಕ್ಕದಲ್ಲಿ ಬಾತುಕೋಳಿಗೆ ಜಾಗವಿಲ್ಲ ಎಂದು ನಾನು ಗದರಿ ಉತ್ತರಿಸಿದೆ. ಮರುದಿನ ಬಂತು: 'ಹನ್ನೊಂದು ಗಂಟು. ಬಾತುಕೋಳಿಗೆ ಬೇಜಾರಾಗಿದೆ.'

ನಾನು ನಗಲಿಲ್ಲ. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು ಮಾತ್ರ ನಕ್ಕೆ.

ಆಮೇಲೆ ಹಗ್ಗ ಸರಿಯಾಗಿದೆಯಾ ನೋಡಬೇಕು ಎಂದು ಒಂದು ದಿನ ಹೋದೆ. ಥರ್ಮಾಮೀಟರು ಬದಲಿಸಬೇಕು ಎಂದು ಇನ್ನೊಂದು ದಿನ. ಬದಲಿಸಿದ ಥರ್ಮಾಮೀಟರು ಸರಿಯಿದೆಯಾ ಎಂದು ಮತ್ತೊಂದು ದಿನ. ಕೊನೆಗೆ ನೆಪಗಳು ಮುಗಿದವು. ನೆಪವಿಲ್ಲದೆಯೇ ಹೋಗತೊಡಗಿದೆ, ದಿನಾ.

ತಟ್ಟೆ ಇಳಿಸುವ ಹೊತ್ತಿಗೆ ಸರಿಯಾಗಿ ನಾನು ಗೇಟು ದಾಟುವಾಗ ಅಕ್ಕ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು, "ಲೋ ಪುಟ್ಟ, ಪಾಚಿ ಮೇಡಂ ಬಂದ್ರು ಕಣೋ!" ನೀರಿನೊಳಕ್ಕೆ ಚಾಚಿದ ಹಲಗೆಯ ಜೆಟ್ಟಿಯ ತುದಿಯಲ್ಲಿ ಕೂತಿದ್ದವನು ತಡಬಡಿಸಿ ಏನನ್ನೋ ಟವೆಲ್ಲಿನ ಕೆಳಗೆ ಸರಿಸುತ್ತಿದ್ದ. ಸಿಗರೇಟಿರಬೇಕು ಎಂದುಕೊಂಡೆ. ಹತ್ತಿರ ಹೋದರೆ ವಾಸನೆ ಮಾತ್ರ ಇರುತ್ತಿರಲಿಲ್ಲ. ಅವನ ಮೂಗಿನ ಎರಡೂ ಬದಿಗೆ ಸಣ್ಣ ಕೆಂಪು ಗುರುತುಗಳಿದ್ದವು. ಈಜುವಾಗ ಹಾಕುವ ಗಾಗಲ್ಸಿನದು ಎಂದು ನಾನೇ ತೀರ್ಮಾನಿಸಿದೆ. ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿಯನ್ನು ಹುಡುಕುವವಳು ನಾನು, ಕಣ್ಣೆದುರಿನದು ನೆಟ್ಟಗೆ ಕಾಣಲಿಲ್ಲ.

ಅವನ ನೋಟದ ಬಗ್ಗೆ ಹೇಳಲೇಬೇಕು. ನಾನು ಮಾತಾಡುವಾಗ ಅವನು ಕಣ್ಣನ್ನು ಅರ್ಧ ಮುಚ್ಚಿ, ತಲೆಯನ್ನು ಸ್ವಲ್ಪ ಮುಂದೆ ತಂದು, ನನ್ನ ಮುಖವನ್ನೇ ನೋಡುತ್ತಿದ್ದ. ರೆಪ್ಪೆ ನಡುಗುತ್ತಿತ್ತು. ಅಷ್ಟು ತನ್ಮಯನಾಗಿ ನನ್ನನ್ನು ಯಾರೂ ನೋಡಿದ್ದಿಲ್ಲ. ನನ್ನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಕೆನ್ನೆ ಬಿಸಿಯಾಗುತ್ತಿತ್ತು, ಬಾಟಲಿಯ ಮುಚ್ಚಳ ಕೈಜಾರಿ ನೀರಿಗೆ ಬೀಳುತ್ತಿತ್ತು.

"ಬಿತ್ತಾ?" ಎನ್ನುತ್ತಿದ್ದ.

"ಕಾಣಲ್ವಾ? ಅಲ್ಲೇ ತೇಲ್ತಿದೆ."

"ನೀವೇ ಬಗ್ಗಿ ತಗೊಳ್ಳಿ."

"ನಂಗೆ ಈಜು ಬರಲ್ಲ!"

"ಕೆರೆ ಆಫೀಸರ್‌ಗೆ ಈಜು ಬರಲ್ವಾ?" ಅವನು ನಕ್ಕು ನಕ್ಕು ಜೆಟ್ಟಿಯ ಮೇಲೆ ಒರಗಿಬಿಟ್ಟ. "ಆಚೆ ದಡದ ದಿನದೊಳಗೆ ಕಲಿಸಿಬಿಡ್ತೀನಿ. ಫೀಸು ಬೇಡ."

ಆಚೆ ದಡದ ದಿನ ಎಂದರೆ ಅವನ ಶಿಷ್ಯರ ಪರೀಕ್ಷೆ. ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಯಲ್ಲಿ, ಮಕ್ಕಳೆಲ್ಲ ಈಜಿ ಆಚೆ ದಡ ಮುಟ್ಟುತ್ತಾರೆ. ಅಪ್ಪ ಅಮ್ಮಂದಿರು ಆ ಬದಿಯಲ್ಲಿ ಟವೆಲ್ ಹಿಡಿದು ಕಾಯುತ್ತಾರೆ. ಅವನು ವರ್ಷವೆಲ್ಲ ದುಡಿಯುವುದು ಆ ಒಂದು ಬೆಳಿಗ್ಗೆಗಾಗಿ.

ಆ ದಿನ ಹತ್ತಿರ ಬಂದಂತೆ ತಟ್ಟೆ ಕಡಿಮೆ ಗಂಟಿಗೇ ಮರೆಯಾಗತೊಡಗಿತು. ಮೊದಲೆಲ್ಲ ವಾರಕ್ಕೊಮ್ಮೆ ಒಂದು ಕಡಿಮೆ ಲೆಕ್ಕ ಬಂದಾಗ ಗಾಳಿಯ ಆಟ ಎಂದು ಬಿಟ್ಟಿದ್ದೆ. ಈಗ ದಿನವೂ ಎಂಟು ಗಂಟು, ಏಳು ಗಂಟು. ಸೆಕೆಯೂ ಹೆಚ್ಚಿತ್ತು. ನನ್ನ ಲೆಕ್ಕಾಚಾರದ ಪ್ರಕಾರ ಇನ್ನು ತಡಮಾಡುವಂತಿರಲಿಲ್ಲ.

"ಮಕ್ಕಳಿಗೆ ಹೇಗೆ ಹೇಳಲಿ?" ಎಂದ ಅವನು.

"ಗುಂಡನ ವಿಷಯ ಹೇಳಿ."

ಕೆರೆ ಮುಚ್ಚಿದೆವು. ಆಚೆ ದಡದ ದಿನ ರದ್ದಾಯಿತು. ನಾನು ದಿನಾ ದಡ ನೋಡಿದೆ. ಹಸಿರಿನ ಸುಳಿವಿಲ್ಲ. ಲ್ಯಾಬಿನ ವರದಿ ಬಂತು: ವಿಷಪಾಚಿ ಇಲ್ಲವೇ ಇಲ್ಲ. ನೀರು ಕನ್ನಡಿ.

ಊರಲ್ಲಿ ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು. "ಪಾಚಿ ಇಲ್ದಿದ್ರೂ ಪಾಚಿ ಮೇಡಂ ಇದ್ದಾರಲ್ಲ" ಎಂದು ಅಂಗಡಿಯವನು ಚಿಲ್ಲರೆ ಕೊಡುತ್ತ ನಕ್ಕ. ಟವೆಲ್ ಮಡಚಿಟ್ಟ ಅಮ್ಮಂದಿರು ಆಫೀಸಿಗೇ ಬಂದು ಬೈದರು. ಭಾನುವಾರ ಕೆರೆ ತೆರೆದು ಆಚೆ ದಡದ ದಿನ ನಡೆಸುವುದೆಂದು ಗೊತ್ತಾಯಿತು. ಅದಕ್ಕೆ ಮುಂಚೆ ಶುಕ್ರವಾರ ಮೀಟಿಂಗು, ನನ್ನ ತಟ್ಟೆಗೆ ಮಂಗಳ ಹಾಡಲು.

ನಾನು ಕೆರೆಯ ಕಡೆ ಹೋಗುವುದನ್ನೇ ಬಿಟ್ಟೆ. ಅವನಿಗೆ ಮುಖ ತೋರಿಸಲು ಆಗಲಿಲ್ಲ. ಅವನ ಸಂದೇಶ ಮಾತ್ರ ದಿನಾ ಬರುತ್ತಿತ್ತು, ಈಗ ಬಾತುಕೋಳಿ ಇಲ್ಲದೆ. ಹತ್ತು ಗಂಟು. ಒಂಬತ್ತು. ಎಂಟು. ಮತ್ತೆ ಇಳಿಯುತ್ತಿತ್ತು. ನಾನು ನಂಬಲಿಲ್ಲ. ಒಮ್ಮೆ ಸುಳ್ಳು ಹೇಳಿದ ತಟ್ಟೆ ಇನ್ನೊಮ್ಮೆ ಹೇಳುತ್ತಿದೆ, ಅಷ್ಟೇ.

ಶುಕ್ರವಾರ ದೊಡ್ಡ ಮೇಡಂ ಕೋಣೆಯಲ್ಲಿ ಎಂಟು ಹತ್ತು ಜನ. ಮೇಜಿನ ಮೇಲೆ ಚಹಾದ ಲೋಟಗಳು, ಲ್ಯಾಬಿನ ವರದಿ. ನಾನು ತಲೆ ತಗ್ಗಿಸಿ ಕೂತಿದ್ದೆ. ಬಾಗಿಲು ತೆರೆದು ದಪ್ಪ ಕನ್ನಡಕದ ಒಬ್ಬ ಮನುಷ್ಯ ಒಳಗೆ ಬಂದ. ಯಾರೋ ಅಕೌಂಟ್ಸಿನವರು ಎಂದುಕೊಂಡೆ.

"ಮೇಡಂ, ಒಂದು ಮಾತು ಹೇಳಬೇಕು," ಎಂದಿತು ಆ ಕನ್ನಡಕ, ಈಜು ಮೇಷ್ಟ್ರ ದನಿಯಲ್ಲಿ.

ಥಟ್ಟನೆ ತಲೆಯೆತ್ತಿ ಇನ್ನೊಮ್ಮೆ ನೋಡಿದೆ.

"ತಪ್ಪು ತಟ್ಟೆಯದಲ್ಲ, ಇವರ ಲೆಕ್ಕದ್ದೂ ಅಲ್ಲ. ನಂದು. ನಂಗೆ ದೂರದ್ದು ಸರಿಯಾಗಿ ಕಾಣಲ್ಲ, ಚಿಕ್ಕಂದಿನಿಂದ. ಕನ್ನಡಕ ಹಾಕ್ಕೊಂಡ್ರೆ ಹನ್ನೊಂದನೇ ಗಂಟಿನವರೆಗೂ ತಟ್ಟೆ ಕಾಣ್ತಿತ್ತು. ತೆಗೆದ್ರೆ ಏಳೆಂಟಕ್ಕೇ ಮಾಯ."

"ಹಾಗಿದ್ರೆ ಯಾಕ್ರೀ ತೆಗೆದ್ರಿ?" ಎಂದರು ದೊಡ್ಡ ಮೇಡಂ.

ಅವನು ಬೂಟಿನ ತುದಿ ನೋಡಿದ. ಆಮೇಲೆ ತಲೆಯೆತ್ತಿ, ಹೇಳಿಯೇಬಿಟ್ಟ.

"ಇವರು ಬರ್ತಿದ್ರಲ್ಲ ಮೇಡಂ, ಅದಕ್ಕೆ. ಇವರು ಬಂದ ದಿನ ಮಾತ್ರ ತೆಗೀತಿದ್ದೆ. ಒಂಚೂರು ಚೆನ್ನಾಗಿ ಕಾಣ್ಲಿ ಅಂತ."

ಯಾರೋ ಚಹಾ ನೆತ್ತಿಗೇರಿ ಕೆಮ್ಮಿದರು. ಭೂಮಿ ಬಾಯಿ ತೆರೆದಿದ್ದರೆ ನಾನು ಒಳಗೆ ಇಳಿದುಬಿಡುತ್ತಿದ್ದೆ. ಆದರೆ ಅವನ ಮಾತು ಮುಗಿದಿರಲಿಲ್ಲ.

"ಹೇಳೋಕೆ ಬಂದಿದ್ದು ಬೇರೇನೇ ಇದೆ. ವರದಿ ಬಂದಾಗಿಂದ ಇವರು ಕೆರೆಗೆ ಬಂದಿಲ್ಲ. ಆ ಎಲ್ಲಾ ದಿನ ಕನ್ನಡಕ ಹಾಕ್ಕೊಂಡೇ ನೋಡಿದ್ದೀನಿ. ಆದ್ರೂ ತಟ್ಟೆ ಬೇಗ ಬೇಗ ಮಾಯ ಆಗ್ತಿದೆ. ಇವತ್ತು ಏಳು. ಈ ಸಲ ನನ್ನ ಕಣ್ಣಲ್ಲ ಮೇಡಂ, ಕೆರೆ."

ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಎದ್ದು ಫೋನು ತೆಗೆದೆ, ಗೋಡೆಯ ಬಿಳಿ ಬೋರ್ಡಿನ ಮೇಲೆ ಬರೆಯತೊಡಗಿದೆ. ನಾನು ಹೋದ ದಿನಗಳು ಒಂದು ಕಡೆ, ಹೋಗದ ದಿನಗಳು ಇನ್ನೊಂದು ಕಡೆ. ಇಡೀ ಬೇಸಿಗೆ ನಾನಿಲ್ಲದ ದಿನ ಕೆರೆ ತಿಳಿ, ನಾನಿದ್ದ ದಿನ ಮಸುಕು. ನಾನು ದಿನಾ ಹೋಗತೊಡಗಿದ ಮೇಲೆ ದಿನಾ ಮಸುಕು. ಅವನ ಕಣ್ಣಿನ ತಪ್ಪು ಎಷ್ಟಿತ್ತೋ, ನನ್ನ ನೆಪಗಳ ತಪ್ಪೂ ಅಷ್ಟೇ ಇತ್ತು. ಅದು ಅಲ್ಲಿ ಎಲ್ಲರ ಮುಂದೆ ನೀಲಿ ಶಾಯಿಯಲ್ಲಿ ನಿಂತಿತ್ತು. ನಾನಿದ್ದ ದಿನಗಳನ್ನೆಲ್ಲ ಅಳಿಸಿದೆ. ಉಳಿದದ್ದು ಕನ್ನಡಕದ ದಿನಗಳು ಮಾತ್ರ, ಮತ್ತು ಈ ವಾರದ ಸಾಲು ಮೆಟ್ಟಿಲಿನಂತೆ ಇಳಿಯುತ್ತಿತ್ತು.

"ಭಾನುವಾರ ತೆರೆಯೋದು ಬೇಡ ಮೇಡಂ," ಎಂದೆ. "ಎರಡು ಮೂರು ದಿನದಲ್ಲಿ ದಡಕ್ಕೆ ಬರತ್ತೆ."

"ಮೊನ್ನೇನೂ ಹೀಗೇ ಅಂದ್ರಿ."

"ಅಂದೆ. ಇನ್ನೊಂದು ಸಲ ಅಂತಿದ್ದೀನಿ."

ದೊಡ್ಡ ಮೇಡಂ ಅವನ ಕಡೆ ತಿರುಗಿದರು. "ಮಕ್ಕಳ ಈಜು ನಡೀಲೇಬೇಕು ಅಂತ ಅರ್ಜಿ ಕೊಟ್ಟಿದ್ದು ನೀವೇ ಅಲ್ವಾ?"

"ಹೌದು. ವಾಪಸ್ ತಗೋತೀನಿ." ಅವನ ದನಿ ಸಣ್ಣದಾಯಿತು. "ಮಕ್ಕಳು ಈ ವರ್ಷ ನನ್ನ ಜೊತೆ ಟೂ ಬಿಡ್ತಾರೆ. ಬಿಡ್ಲಿ."

ಅವರು ತಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಬಿಳಿ ಬೋರ್ಡನ್ನು ತುಂಬ ಹೊತ್ತು ನೋಡಿದರು. "ಸೋಮವಾರದವರೆಗೆ ಮುಚ್ಚಿ. ಅಷ್ಟರೊಳಗೆ ಏನೂ ಬರ್ಲಿಲ್ಲ ಅಂದ್ರೆ ತಟ್ಟೆ ತಂದು ನನ್ನ ಮೇಜಿನ ಮೇಲಿಡಿ. ಚಹಾಕ್ಕೆ ಆಗತ್ತೆ."

ಹೊರಗೆ ಮೆಟ್ಟಿಲಿನ ಬಳಿ ನಾನು ಅವನನ್ನು ತಡೆದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅಳುವೂ ಬಂದಿತ್ತು, ಅದಕ್ಕೆ ಸಿಟ್ಟು ಇನ್ನೂ ಜಾಸ್ತಿ.

"ನಿಮ್ಮ ಚಂದಕ್ಕೆ ನನ್ನ ಕೆಲಸ ಹಾಳಾಯ್ತು. ಜನ ಇನ್ನು ಬೋರ್ಡು ಹಾಕಿದ್ರೂ ನಂಬ್ತಾರಾ?"

"ಗೊತ್ತು. ಅದಕ್ಕೇ ಕಿವಿಯಲ್ಲಿ ಹೇಳ್ಲಿಲ್ಲ, ಎಲ್ಲರ ಮುಂದೆ ಹೇಳಿದೆ."

"ಕನ್ನಡಕ ಹಾಕಿದ್ರೆ ಏನು ಮುಳುಗಿಹೋಗ್ತಿತ್ತು?"

"ಹೋದ ವರ್ಷ ನಾನು ನೀರಿಂದ ಎದ್ದು ಬಂದಾಗ ನೀವು ಒಂದು ಗಳಿಗೆ ನೋಡ್ತಾ ನಿಂತಿದ್ರಿ. ಆಗ ಕನ್ನಡಕ ಇರ್ಲಿಲ್ಲ."

"ನಾನು ನೋಡಿದ್ದು ನಿಮಗೆ ಹೇಗೆ ಕಾಣಿಸ್ತು?"

"ಕಾಣಿಸ್ಲಿಲ್ಲ. ಅಕ್ಕ ಹೇಳಿದ್ಲು."

ನಗಬಾರದು ಎಂದು ತುಟಿ ಕಚ್ಚಿಕೊಂಡೆ. ಆಗ ಇನ್ನೊಂದು ಹೊಳೆಯಿತು. "ಹಾಗಾದ್ರೆ ಜೆಟ್ಟಿ ಮೇಲೆ ನನ್ನನ್ನ ಹಾಗೆ ಕಣ್ಣು ಕಿರಿದು ಮಾಡಿ ನೋಡ್ತಿದ್ದಿದ್ದು?"

"ಮುಖ ಮಸುಕಾಗಿ ಕಾಣ್ತಿತ್ತು. ಒಂಚೂರು ಸ್ಪಷ್ಟ ಆಗ್ಲಿ ಅಂತ."

"ಅಷ್ಟೇನಾ?"

"ಅಷ್ಟೇ ಅಲ್ಲ," ಎಂದ. ಆದರೆ ನಾನು ಸಿಟ್ಟನ್ನು ಬಿಡಲಿಲ್ಲ. ಮೆಟ್ಟಿಲಿನಡಿ ಇಟ್ಟಿದ್ದ ಕೆಂಪು ಬೋರ್ಡು ಹೊತ್ತುಕೊಂಡು ಕೆರೆಯ ಕಡೆ ಹೊರಟೆ. ಅವನು ಸುಮ್ಮನೆ ಇನ್ನೊಂದು ತುದಿ ಹಿಡಿದುಕೊಂಡ.

ಶನಿವಾರ ಏನೂ ಆಗಲಿಲ್ಲ. ದಡದಲ್ಲಿ ಅತ್ತಿಂದಿತ್ತ ಓಡಾಡಿದೆ, ಚಹಾ ಕುಡಿದೆ, ಮತ್ತೆ ಓಡಾಡಿದೆ. ಹಸಿರಿಲ್ಲದ ದಡ ನನ್ನನ್ನು ಅಣಕಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ಗಾಳಿ ನಿಂತಿತ್ತು. ಗೇಟಿನ ಹೊರಗೆ ಜನ ಗುಂಪುಗೂಡಿ ಗೊಣಗುತ್ತಿದ್ದರು. ಮಕ್ಕಳು ಈಜುಡುಗೆ ಹಾಕಿಕೊಂಡೇ ಬಂದಿದ್ದರು, ಮನಸ್ಸು ಬದಲಿಸುತ್ತೇವೇನೋ ಎಂಬ ಆಸೆಯಿಂದ. ಒಬ್ಬಾಕೆಯ ನಾಯಿ ಹಗ್ಗ ಜಗ್ಗುತ್ತಿತ್ತು. ಅಷ್ಟರಲ್ಲಿ ಅಕ್ಕ ದಡದಿಂದ ಕೂಗಿದರು. ಈ ಸಲ ಎಂದಿನ ತಮಾಷೆಯ ಕೂಗಲ್ಲ.

ದಡದ ಉದ್ದಕ್ಕೂ ಯಾರೋ ಬಣ್ಣದ ಡಬ್ಬ ಚೆಲ್ಲಿದ ಹಾಗೆ ಹಸಿರು. ದಪ್ಪ ಕೆನೆ, ಕೊಳೆತ ವಾಸನೆ. ಮಕ್ಕಳು ನೀರಿಗೆ ಇಳಿಯುವ ಮೆಟ್ಟಿಲಿನ ಮೇಲೆಯೇ ಹೆಚ್ಚು. ಗೊಣಗುತ್ತಿದ್ದವರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ನಾಯಿಯವಳು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಹಿಂದೆ ಸರಿದಳು. ನೀರಿಗೂ ಅವರಿಗೂ ನಡುವೆ ನನ್ನ ಕೆಂಪು ಬೋರ್ಡು ನಿಂತಿತ್ತು. ಈ ಸಲ ಅದು ಪಾಚಿಗಿಂತ ಮೊದಲು ಬಂದಿತ್ತು.

ಅಕ್ಕ ಗುಂಡನ ಬಟ್ಟಲನ್ನು ಎತ್ತಿ, ಸೆರಗಿನಿಂದ ಒರೆಸಿ, ನಲ್ಲಿಯ ನೀರು ತುಂಬಿ ಆ ನಾಯಿಯ ಮುಂದಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಜೆಟ್ಟಿಯ ಕಡೆ ತಿರುಗಿ ನಡೆದೆ.

ಅವನು ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಅವನ ಕೈ ಅಭ್ಯಾಸಬಲದಿಂದ ಕನ್ನಡಕದ ಕಡೆ ಹೋಯಿತು.

"ತೆಗೆದ್ರೆ ನೋಡಿ," ಎಂದೆ. "ಮತ್ತೆ ಕೆರೆ ಮುಚ್ಚಬೇಕಾಗತ್ತೆ."

ಕೈ ಕೆಳಗಿಳಿಯಿತು. ಅವನು ನನ್ನನ್ನು ನೋಡಿದ. ಕಣ್ಣು ಕಿರಿದಾಗಲಿಲ್ಲ, ರೆಪ್ಪೆ ನಡುಗಲಿಲ್ಲ. ಗಾಜಿನ ಹಿಂದೆ ಎರಡು ಕಣ್ಣು ಪೂರ್ತಿ ತೆರೆದುಕೊಂಡು ನಿಧಾನವಾಗಿ ನನ್ನ ಮುಖವನ್ನು ಓದಿದವು. ಮೊದಲಿನ ನೋಟಕ್ಕೇ ಕರಗಿದವಳು ನಾನು, ಇದನ್ನು ಹೇಗೆ ತಾಳಿಕೊಳ್ಳಲಿ?

"ಏನು?"

"ನಿಮ್ಮ ಗಲ್ಲದ ಮೇಲೆ ಒಂದು ಮಚ್ಚೆ ಇದೆ," ಎಂದ ಬೆರಗಿನಿಂದ. "ಇಷ್ಟು ದಿನ ಗೊತ್ತೇ ಇರ್ಲಿಲ್ಲ."

"ಗೊತ್ತಾಗಿದ್ರೆ?"

"ಕನ್ನಡಕ ತೆಗೀತಾನೇ ಇರ್ಲಿಲ್ಲ."

ನಾನು ಅವನ ಪಕ್ಕದಲ್ಲಿ ಕೂತೆ. "ನಂಗೆ ನೀವು ಇಷ್ಟ," ಎಂದೆ. "ಕನ್ನಡಕದ ಸಮೇತ. ಥರ್ಮಾಮೀಟರು ಯಾವತ್ತೂ ಕೆಟ್ಟಿರ್ಲಿಲ್ಲ."

"ಬಾತುಕೋಳೀನೂ ಯಾವತ್ತೂ ಕೇಳಿರ್ಲಿಲ್ಲ," ಎಂದ ಅವನು. ತಟ್ಟೆಯನ್ನು ಪಕ್ಕಕ್ಕಿಟ್ಟು, ನನ್ನ ಕೈ ಹಿಡಿದುಕೊಂಡ.

ಈಗ ಎಲ್ಲ ಕೆರೆಗಳಲ್ಲೂ ಬಿಳಿ ತಟ್ಟೆ ಇಳಿಯುತ್ತದೆ. ಹೊಸಬರಿಗೆ ಕಲಿಸುವಾಗ ನಾನು ಎರಡು ನಿಯಮ ಹೇಳುತ್ತೇನೆ: ದಿನಾ ಒಬ್ಬರೇ ನೋಡಬೇಕು, ಮತ್ತು ಕನ್ನಡಕ ಇರುವವರು ಯಾರು ಬಂದರೂ ಅದನ್ನು ತೆಗೆಯಬಾರದು. ಎರಡನೆಯದು ಯಾಕೆ ಎಂದು ಯಾರಾದರೂ ಕೇಳಿದರೆ ದೊಡ್ಡ ಮೇಡಂ ಚಹಾದ ಲೋಟದಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಆ ವರ್ಷವೇ, ಪಾಚಿ ತಗ್ಗಿ, ನೀರು ತಣ್ಣಗಾದ ಮೇಲೆ ಆಚೆ ದಡದ ದಿನವೂ ನಡೆಯಿತು. ಟೂ ಬಿಟ್ಟಿದ್ದ ಮಕ್ಕಳು ಒಬ್ಬೊಬ್ಬರಾಗಿ ದಡ ಮುಟ್ಟಿ, ಅಲ್ಲಿಂದಲೇ ಅವನಿಗೆ ಕೈ ಬೀಸಿದರು. ಅಂದು ಬೆಳಿಗ್ಗೆ ತಟ್ಟೆ ಹದಿಮೂರನೇ ಗಂಟಿನವರೆಗೂ ಕಂಡಿತ್ತು. ಕೊನೆಯ ಹುಡುಗಿಯೂ ತಲುಪಿದ ಮೇಲೆ ಅವನು ಎದೆಮಟ್ಟದ ನೀರಿಗೆ ಇಳಿದು ನಿಂತ. ಕನ್ನಡಕವನ್ನು ದಾರದಿಂದ ತಲೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದ, ನೋಡಲು ಥೇಟ್ ಗೂಬೆ.

"ಬಾ," ಎಂದು ಎರಡೂ ಕೈ ಚಾಚಿದ. "ನೀರು ಕಂಡ್ರೆ ಭಯ ಇದ್ಯಾ?"

"ಇದೆ," ಎಂದೆ. ಚಪ್ಪಲಿ ಅಲ್ಲೇ ಬಿಟ್ಟು, ಮೆಟ್ಟಿಲಿಳಿದೆ.